ಲವೇಡಾ ಕೂತು ಕೇಳಿದ ಎರಡನೇ ಮಗ್ಗುಲು

ಲವೇಡಾ ಕ್ರಚರ್‌ಗೆ ಜಗತ್ತಿನ ಜಾಝ್ ಸಂಗೀತದಲ್ಲಿ ಅರ್ಧ ಮಾತ್ರ ಗೊತ್ತಿತ್ತು. ಯಾವ ರೆಕಾರ್ಡಿನ ಹೆಸರು ಹೇಳಿದರೂ ಅದರ ಮೊದಲನೇ ಮಗ್ಗುಲನ್ನು ಗುನುಗಿ ತೋರಿಸುವಳು. ಎರಡನೇ ಮಗ್ಗುಲಿನ ಮಾತು ಬಂದರೆ ಸುಮ್ಮನಾಗುವಳು.

ಇದಕ್ಕೆ ಕಾರಣ ಮೀನು. ಡೆಟ್ರಾಯಿಟ್‌ನ ಪಶ್ಚಿಮ ದಿಕ್ಕಿನ ಅವರ ಇಟ್ಟಿಗೆ ಮನೆಯ ನೆಲಮಾಳಿಗೆಯಲ್ಲಿ, ಚರ್ಚು ಬಿಟ್ಟ ಮೇಲೆ, ಭಾನುವಾರ ಬಿಟ್ಟು ಭಾನುವಾರ ರೆಕಾರ್ಡು ಕೇಳುವ ಕೂಟ ಸೇರುತ್ತಿತ್ತು. ಕಾರು ಕಾರ್ಖಾನೆಯಿಂದ ನಿವೃತ್ತನಾದ ಅವಳ ಗಂಡ ತರ್ಮನ್ ಅದರ ಯಜಮಾನ. ಕ್ಷೌರದಂಗಡಿ ಮುಚ್ಚಿ ಕೂತಿದ್ದ ಕ್ಲೈಡ್ ಪೆಟ್ವೇ, ಚರ್ಚಿನ ಡೀಕನ್ ಮೇಬ್ರಿ ಇಬ್ಬರೂ ಕಂಕುಳಲ್ಲಿ ಒಂದೊಂದು ರೆಕಾರ್ಡು ಅವುಚಿಕೊಂಡು ಪಕ್ಕದ ಬಾಗಿಲಿಂದ ಬಂದು ನೇರ ಕೆಳಗಿಳಿಯುತ್ತಿದ್ದರು. ಲಕೋಟೆ ತೋರಿಸದೆ ರೆಕಾರ್ಡು ಹಾಕಬೇಕು, ನುಡಿಸುತ್ತಿರುವವರು ಯಾರೆಂದು ಉಳಿದವರು ಹೇಳಬೇಕು. ಎಲ್ಲರಿಗಿಂತ ದೊಡ್ಡ ತಪ್ಪು ಹೇಳಿದವನು ಮೇಲಿನಿಂದ ಊಟ ತರಬೇಕು. ಅದು ಅವರ ನಿಯಮ. ಊಟ ತರುವುದೆಂದರೆ ಮೆಟ್ಟಿಲ ಬುಡದಲ್ಲಿ ನಿಂತು "ವೇಡಾ!" ಎಂದು ಕೂಗುವುದು.

ಅಡುಗೆಮನೆ ನೆಲಮಾಳಿಗೆಯ ನೆತ್ತಿಯ ಮೇಲೆಯೇ ಇತ್ತು. ಚಳಿಗಾಲದಲ್ಲಿ ಬಿಸಿಗಾಳಿ ಬರುವ ನೆಲದ ಕಿಂಡಿಯಿಂದ ಸಂಗೀತ ಮೇಲೆ ಬರುತ್ತಿತ್ತು. ಮೊದಲನೇ ಮಗ್ಗುಲು ಓಡುವಾಗ ಲವೇಡಾ ಮೀನು ಕರಿಯುತ್ತಿದ್ದಳು. ಎರಡನೇ ಮಗ್ಗುಲು ಶುರುವಾಗುವಾಗ ಕೂಗು ಬರುತ್ತಿತ್ತು. ತಟ್ಟೆ ಇಳಿಸು, ಖಾರದ ಸಾಸು ಮರೆತೆ, ಮತ್ತೆ ಇಳಿ, ಕಾರ್ನ್‌ಬ್ರೆಡ್ ಸಾಲದು, ಮತ್ತೆ ಹತ್ತು. ಅವಳು ಬಾಣಲೆ ತೊಳೆದು ಕೈ ಒರೆಸಿಕೊಳ್ಳುವ ಹೊತ್ತಿಗೆ ಕೆಳಗೆ ಗಂಡಸರು "ಆಹಾ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾತಕ್ಕೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಡ್ರಮ್ಮಿನವರಲ್ಲಿ ಕೆಲವರು ಕೋಲು ಬಿಟ್ಟು ತಂತಿಯ ಬ್ರಷ್ಷಿನಿಂದ ಚರ್ಮ ಸವರುತ್ತಾರೆ; ಚುಂಯ್ ಎಂದು ನಯವಾದ ಸದ್ದು ಬರುತ್ತದೆ. ಎಷ್ಟೋ ವರ್ಷ ಲವೇಡಾ, ಡ್ರಮ್ಮಿನವರೆಲ್ಲ ಹಾಗೆಯೇ ನುಡಿಸುತ್ತಾರೆ ಅಂದುಕೊಂಡಿದ್ದಳು. ಒಮ್ಮೆ ಕರೆಂಟು ಹೋಗಿ ರೆಕಾರ್ಡು ನಿಂತರೂ ಬ್ರಷ್ಷು ನಿಲ್ಲದಿದ್ದಾಗ ಅದು ತನ್ನ ಬಾಣಲೆಯ ಎಣ್ಣೆ ಎಂದು ಗೊತ್ತಾಯಿತು. ಆವತ್ತು ಒಲೆಯ ಮುಂದೆ ಒಬ್ಬಳೇ ನಿಂತು ನಕ್ಕಿದ್ದಳು.

ಅವಳು ಕೂತು ಸಂಗೀತ ಕೇಳಿದ್ದು ಹುಡುಗಿಯಾಗಿದ್ದಾಗ. ತಾಯಿ ಕೋರೀನ್ ಹೇಸ್ಟಿಂಗ್ಸ್ ಬೀದಿಯ ಕಡೆಯ ಒಂದು ಮದ್ಯದಂಗಡಿಯಲ್ಲಿ ಬೆಳಗ್ಗೆ ನೆಲ ಒರೆಸುತ್ತಿದ್ದಳು. ಸಂಜೆ ಅಲ್ಲಿ ಆರ್ಗನ್ ನುಡಿಸುತ್ತಿದ್ದ ಓಪಲ್ ಡಿಕರ್ಸನ್ ಎಂಬ ಹೆಂಗಸು ಬೆಳಗ್ಗೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಬಂದು ಅಭ್ಯಾಸ ಮಾಡುತ್ತಿದ್ದಳು. ರಜೆಯಲ್ಲಿ ತಾಯಿಯ ಬೆನ್ನು ಹತ್ತಿ ಹೋದ ಲವೇಡಾ, ಮಗುಚಿದ ಬಕೆಟ್ಟಿನ ಮೇಲೆ ಕೂತು ಕೇಳುತ್ತಿದ್ದಳು. ಓಪಲ್ ದಿನಾ ಕೊನೆಗೆ ಒಂದು ನಿಧಾನದ ರಾಗ ನುಡಿಸುವಳು. ಅದು ಮುಗಿಯುವ ಮುಂಚೆಯೇ ಕೋರೀನ್‌ಗೆ ಬಕೆಟ್ಟು ಬೇಕಾಗುತ್ತಿತ್ತು.

ಆಮೇಲೆ ಲವೇಡಾ ಶಾಲೆಯೊಂದರ ಅಡುಗೆಮನೆಯಲ್ಲಿ ನಿಂತು ದುಡಿದಳು, ಮನೆಯ ಅಡುಗೆಮನೆಯಲ್ಲಿ ನಿಂತು ದುಡಿದಳು, ಇಬ್ಬರು ಹೆಣ್ಣುಮಕ್ಕಳನ್ನು ನಿಂತೇ ಬೆಳೆಸಿದಳು. ಕೊನೆಗೆ ಎಡಮಂಡಿ ಕೈಕೊಟ್ಟಿತು. ಆಪರೇಷನ್ ಮಾಡಿದ ಡಾಕ್ಟರು "ಕೆಲವು ವಾರ ಕೂತಿರಿ" ಅಂದರು. ಮದುವೆಯಾದ ಮೇಲೆ ಅವಳಿಗೆ ಕೂರಲು ಹೇಳಿದ ಮೊದಲ ಗಂಡಸು ಅವರು.

ಕೂತವಳು ಫೋನು ಕೈಗೆತ್ತಿಕೊಂಡಳು. ‘ಜಗಲಿ’ ಎಂಬ ಜಾಲತಾಣವೊಂದಿತ್ತು. ಜಾಝ್ ಹುಚ್ಚಿನವರೆಲ್ಲ ಅಲ್ಲಿ ಸೇರಿ, ಇವತ್ತು ಯಾವ ರೆಕಾರ್ಡು ಕೇಳಿದೆ, ಯಾವುದು ಯಾವ ಅಂಗಡಿಯ ಧೂಳಲ್ಲಿ ಸಿಕ್ಕಿತು, ಕೋಲ್ಟ್ರೇನ್ ದೊಡ್ಡವನೋ ರಾಲಿನ್ಸ್ ದೊಡ್ಡವನೋ ಎಂದು ಜಗಳ ಆಡುತ್ತಿದ್ದರು. ತರ್ಮನ್‌ಗೆ ಅಲ್ಲಿ ಖಾತೆ ತೆರೆದುಕೊಟ್ಟವಳೂ, ಗುಪ್ತಪದ ಮರೆತಾಗೆಲ್ಲ ಹೊಸದು ಮಾಡಿಕೊಟ್ಟವಳೂ ಲವೇಡಾಳೇ. ಅವನ ಹೆಸರು ಅಲ್ಲಿ ‘ನೆಲಮಾಳಿಗೆ ಪ್ರೊಫೆಸರ್’. ಈಗ ತನಗೂ ಒಂದು ಖಾತೆ ತೆರೆದುಕೊಂಡು ‘ಎರಡನೇ ಮಗ್ಗುಲು’ ಎಂದು ಹೆಸರಿಟ್ಟುಕೊಂಡಳು. ಗಂಡನಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅವನು ಕೇಳಲಿಲ್ಲ.

ಡೊರೊತಿ ಆ್ಯಶ್ಬಿ ನುಡಿಸುವ ಹಾರ್ಪ್ ಎಂಬ ತಂತಿವಾದ್ಯದ ಬಗ್ಗೆ ಅವಳು ಮೊದಲ ಸಲ ಬರೆದಳು: "ನಮ್ಮ ಡೆಟ್ರಾಯಿಟ್ ಹುಡುಗಿ. ಅವಳ ಹಾರ್ಪ್ ಕೇಳಿದರೆ ಪಾತ್ರೆ ತೊಳೆಯುವ ನೀರೂ ತಾಳಕ್ಕೆ ಬೀಳುತ್ತದೆ." ಜಗಲಿಯವರಿಗೆ ಹುಚ್ಚೇ ಹಿಡಿಯಿತು. ಸಾಸ್ಕಟೂನಿನ ಲಾರಿ ಚಾಲಕನೊಬ್ಬ "ಇನ್ನೂ ಬರಿ ಅಣ್ಣಾ" ಎಂದ. ಯಾರೂ ಅಕ್ಕಾ ಎನ್ನಲಿಲ್ಲ. ಅಷ್ಟು ಚೆನ್ನಾಗಿ ಬರೆಯುವವರು ಗಂಡಸರೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ತರ್ಮನ್ ಅಂತೂ ಈ ‘ಎರಡನೇ ಮಗ್ಗುಲು’ ಎಂಬ ಗಂಡಸನ್ನು ಊಟದ ಮೇಜಿನ ಮಾತಿಗೂ ಕರೆತಂದ.

"ಒಬ್ಬ ಇದಾನೆ ಕಣೇ ಜಗಲೀಲಿ. ಕಿವಿ ಅಂದ್ರೆ ಕಿವಿ! ಸಾರಾ ವಾನ್ ಹಾಡ್ತಾ ಹಾಡ್ತಾ ಉಸಿರು ತಗೊಳೋದನ್ನೂ ಕೇಳಿಸ್ಕೊಂಡಿದಾನೆ."

"ಹೌದಾ? ಬೀನ್ಸ್ ಹಾಕ್ಲಾ?"

"ಹಾಕು. ಆದ್ರೆ ವಿಚಿತ್ರ ಮನುಷ್ಯ. ಮೊದಲನೇ ಮಗ್ಗುಲಿನ ಬಗ್ಗೆ ಮಾತ್ರ ಬರೀತಾನೆ."

"ಪಾಪ, ಕೆಲಸ ಇರುತ್ತೇನೋ" ಎಂದಳು ಲವೇಡಾ.

ಆ ವಾರ ಪ್ರೊಫೆಸರ್ ಅವಳಿಗೆ ಖಾಸಗಿಯಾಗಿ ಬರೆದ. ಪಕ್ಕದ ಕೋಣೆಯಲ್ಲಿ ಒಂದೇ ಬೆರಳಲ್ಲಿ ಟಕ್ ಟಕ್ ಎನ್ನುವುದು ಅವಳಿಗೆ ಕೇಳುತ್ತಿತ್ತು. "ಬ್ರದರ್, ನಿನ್ನಂಥವನ ಜೊತೆ ಕೂತು ಕೇಳಬೇಕು. ನನ್ನ ಹೆಂಡತಿಗೂ ಸಂಗೀತ ಇಷ್ಟ. ಆದ್ರೆ ಕೂರೋ ತಾಳ್ಮೆ ಇಲ್ಲ. ಒಂದು ಮಗ್ಗುಲು ಆಗ್ತಿದ್ದ ಹಾಗೆ ಎದ್ದು ಓಡಾಡ್ತಾಳೆ."

ಲವೇಡಾ ಮಂಡಿ ನೋಯುವಷ್ಟು ನಕ್ಕಳು. ನಗು ನಿಂತ ಮೇಲೆ ಅದನ್ನು ಇನ್ನೊಮ್ಮೆ ಓದಿದಳು. ಈ ಸಲ ನಗು ಬರಲಿಲ್ಲ. ಆ ಗಂಡಸರ ಜೊತೆ ಕೂತು, ಯಾರೂ ಕೂಗದೆ, ಒಂದು ರೆಕಾರ್ಡನ್ನು ಎರಡು ಮಗ್ಗುಲೂ ಕೇಳದೆ ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು.

ಯಾವ ರೆಕಾರ್ಡು ಎಂಬುದೂ ಸಿಕ್ಕಿತು. ನದಿಯ ಆಚೆ ದಡ ಕೆನಡಾ. ಅಲ್ಲಿನ ವಿಂಡ್ಸರ್ ಊರಿನ ಮೊರೀನ್ ಎಂಬ ವಿಧವೆ ಜಗಲಿಯ ಮಾರಾಟದ ಮೂಲೆಯಲ್ಲಿ ಗಂಡನ ರೆಕಾರ್ಡುಗಳ ಫೋಟೋ ಹಾಕಿದ್ದಳು. ಒಂದರ ಲಕೋಟೆ ಹರಿದಿತ್ತು. ಉಳಿದ ಚೂರಿನಲ್ಲಿ ಆರ್ಗನ್ನಿನ ಮುಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳ ಬೆನ್ನು. ಆ ಬೆನ್ನನ್ನು ಲವೇಡಾ ಬಕೆಟ್ಟಿನ ಮೇಲೆ ಕೂತು ಎಷ್ಟು ನೋಡಿದ್ದಳು! ಫೋನು ಮಾಡಿದಳು.

"ಹಾಡು ಹೇಗಿದೆಯೋ ನಂಗೊತ್ತಿಲ್ಲಮ್ಮ" ಎಂದಳು ಮೊರೀನ್. "ಧೂಳು ಹೊಡೆದವಳು ನಾನು, ಕೇಳಿದವರು ಅವರು."

"ನಾವಿಬ್ರೂ ಒಂದೇ ಕಸುಬಿನವರು ಬಿಡಿ" ಎಂದಳು ಲವೇಡಾ. ಇಬ್ಬರೂ ರೆಕಾರ್ಡಿನ ಮಾತು ಮರೆತು, ನೆಲದ ಕಲೆ ತೆಗೆಯುವುದು ಹೇಗೆಂದು ಬಹಳ ಹೊತ್ತು ಹರಟಿದರು. ಪಾರ್ಸೆಲ್ಲು ಬಂದಾಗ ರೆಕಾರ್ಡು ಫಳಫಳ ಹೊಳೆಯುತ್ತಿತ್ತು. ಮೊರೀನ್ ಕೊನೆಯ ಸಲವೂ ಒರೆಸಿಯೇ ಕಳಿಸಿದ್ದಳು.

ರೆಕಾರ್ಡು ಹಾಕುವ ಯಂತ್ರ ಇದ್ದದ್ದು ತರ್ಮನ್‌ನ ನೆಲಮಾಳಿಗೆಯಲ್ಲಿ. ಲವೇಡಾ ಕದ್ದು ಕೇಳಲಿಲ್ಲ. ಪಾರ್ಸೆಲ್ಲನ್ನು ಇಸ್ತ್ರಿ ಬಟ್ಟೆಗಳ ಕೆಳಗಿಟ್ಟಳು. ಆ ರಾಶಿಗೆ ಮನೆಯಲ್ಲಿ ಬೇರೆ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ ಅವಳಿಗಿತ್ತು. ಅಷ್ಟರಲ್ಲಿ ಪ್ರೊಫೆಸರ್ ಮತ್ತೆ ಬರೆದ. "ನೀನೂ ಡೆಟ್ರಾಯಿಟ್ಟಿನವನೇ ಅಲ್ವಾ? ಈ ಭಾನುವಾರ ಬಾ. ಒಂದು ರೆಕಾರ್ಡು ತಾ. ನನ್ನ ಹೆಂಡತಿ ಕರಿಯೋ ಮೀನು ತಿಂದ್ರೆ ಜನ್ಮ ಇರೋ ತನಕ ನೆನೀತೀಯ."

ಅವಳು ಉತ್ತರಿಸಿದಳು: "ಬರ್ತೀನಿ. ಆದ್ರೆ ನನ್ನ ರೆಕಾರ್ಡು ಎರಡೂ ಮಗ್ಗುಲು ಮುಗಿಯೋ ತನಕ ನಾನು ಕೂತಲ್ಲಿಂದ ಏಳಲ್ಲ."

ಪಕ್ಕದ ಕೋಣೆಯಿಂದ ನಗು, ಆಮೇಲೆ ಟಕ್ ಟಕ್. "ನನ್ನ ಮನೇಲಿ ಅತಿಥೀನ ಏಳಿಸೋರು ಯಾರು, ಬ್ರದರ್! ಮಾತು ಕೊಟ್ಟೆ."

ಕೂಡಲೇ ತರ್ಮನ್ ಅಡುಗೆಮನೆಗೆ ಬಂದ. "ವೇಡಾ, ಭಾನುವಾರ ದೊಡ್ಡ ಅತಿಥಿ ಬರ್ತಿದಾನೆ. ಊಟದ ಮೇಲೆ ಸಿಹಿಗೆ ಪೀಚ್ ಹಣ್ಣಿನ ಕಾಬ್ಲರ್ ಕೂಡ ಮಾಡಿಬಿಡು, ಆಯ್ತಾ?"

"ಆಯ್ತು. ಆ ಅತಿಥಿಗೆ ಏನೇನು ಇಷ್ಟ ಅಂತ ನಂಗೆ ಗೊತ್ತು."

ಭಾನುವಾರ ಚರ್ಚಿನಿಂದ ಬಂದವಳು ಮೀನನ್ನು ಮಜ್ಜಿಗೆಯಲ್ಲಿ ನೆನೆಹಾಕಿದಳು. ಜೋಳದ ಹಿಟ್ಟಿಗೆ ಖಾರ ಕಲಸಿಟ್ಟಳು. ಬಾಣಲೆಗೆ ಎಣ್ಣೆ ಸುರಿದು ಒಲೆಯ ಮೇಲಿಟ್ಟಳು. ಒಲೆ ಹಚ್ಚಲಿಲ್ಲ. ಏಪ್ರನ್ ಬಿಚ್ಚಿ ಒಲೆಯ ಹಿಡಿಗೆ ನೇತುಹಾಕಿ, ನೇರಳೆ ಬಣ್ಣದ ಚರ್ಚಿನ ಟೋಪಿಯನ್ನು ಮತ್ತೆ ತಲೆಗಿಟ್ಟು, ಪಾರ್ಸೆಲ್ಲು ಎತ್ತಿಕೊಂಡು ಮುಂಬಾಗಿಲಿಂದ ಹೊರಗೆ ಹೋದಳು. ಮನೆ ಸುತ್ತಿಕೊಂಡು ಬಂದು ಪಕ್ಕದ ಬಾಗಿಲಿನ ಗಂಟೆ ಒತ್ತಿದಳು. ಆ ಗಂಟೆಯನ್ನು ಅವಳು ಎಷ್ಟೋ ಸಲ ಒರೆಸಿದ್ದಳು. ಒತ್ತಿದ್ದು ಅದೇ ಮೊದಲು.

ತರ್ಮನ್ ಒಳ್ಳೆಯ ಅಂಗಿ ಹಾಕಿಕೊಂಡು ಬಾಗಿಲು ತೆರೆದ.

"ಏನೇ ಇದು? ಕೀ ಮರೆತ್ಯಾ?"

"ನಂಗೆ ಆಹ್ವಾನ ಬಂದಿದೆ."

"ಯಾವ ಆಹ್ವಾನ? ಜರುಗು, ಆ ಮನುಷ್ಯ ಈಗ ಬರ್ತಾನೆ. ಎಲ್ಲಿ, ಮೀನಿನ ವಾಸನೇನೇ ಇಲ್ಲ?"

ಲವೇಡಾ ಫೋನು ತೆಗೆದು ಅವನ ಮುಖದ ಮುಂದೆ ಹಿಡಿದಳು. ಅವನು ಕನ್ನಡಕ ಮೇಲೆತ್ತಿ ಓದಿದ, ಕೆಳಗಿಳಿಸಿ ಓದಿದ. ‘ಮಾತು ಕೊಟ್ಟೆ’ ಎಂಬಲ್ಲಿ ಅವನ ಬೆರಳು ನಿಂತಿತು.

"ನೀನಾ?" ಎಂದ. ಆಮೇಲೆ ತಾನು ಇನ್ನೂ ಏನೇನು ಬರೆದಿದ್ದೆ ಎಂದು ನೆನಪಾಗಿ ಕಿವಿ ಬಿಸಿಯಾಯಿತು. "ಆ ತಾಳ್ಮೆ ವಿಷಯ..."

"ಅದನ್ನ ಇವತ್ತು ಪರೀಕ್ಷೆ ಮಾಡಿಬಿಡೋಣ, ಪ್ರೊಫೆಸರ್. ದಾರಿ ಬಿಡು."

ಬಾಗಿಲಲ್ಲಿ ನಡೆದ ಮಾತೆಲ್ಲ ಕೆಳಗೆ ಕೇಳಿಸಿತ್ತು. ಡೀಕನ್ ಮೇಬ್ರಿ ಎದ್ದು ನಿಂತು ಅತಿಥಿಗೆಂದು ಇಟ್ಟಿದ್ದ ಮೆತ್ತನೆಯ ಕುರ್ಚಿ ತೋರಿಸಿದ. "ಕೂತ್ಕೊಳಿ ಸಿಸ್ಟರ್. ಎರಡನೇ ಮಗ್ಗುಲು ಅಂದ್ರೆ ನೀವೇನಾ! ನಿಮ್ಮ ಬರಹ ಓದಿ ನಾನು ಹಾರ್ಪ್ ರೆಕಾರ್ಡು ತರಿಸ್ಕೊಂಡೆ."

ಕ್ಲೈಡ್ ತೊಡೆ ತಟ್ಟಿಕೊಂಡು ನಗುತ್ತಿದ್ದ. "ತರ್ಮನ್, ನಿನ್ನ ಹೆಂಡತಿಗೇ ಬ್ರದರ್ ಬ್ರದರ್ ಅಂತ ಬರೀತಿದ್ಯಾ ಮಾರಾಯ?"

"ಮುಚ್ಚೋ ಬಾಯಿ" ಎಂದ ತರ್ಮನ್. ಅವನಿಗೂ ನಗು ತಡೆಯಲಾಗಲಿಲ್ಲ.

ಲವೇಡಾ ಲಕೋಟೆ ಮರೆಮಾಡಿ ರೆಕಾರ್ಡು ಹಾಕಿದಳು. ಆರ್ಗನ್ ಗುಡುಗಿತು, ಹಿಂದೆ ಕೋಲು ಹಿಡಿದ ಡ್ರಮ್ಮಿನವನೊಬ್ಬ, ಕಾರ್ಖಾನೆಯ ಪಾಳಿ ಬಿಟ್ಟಂತೆ ಗದ್ದಲ. ಮೂವರೂ ಮುಂದಕ್ಕೆ ಬಾಗಿದರು.

"ಜಿಮ್ಮಿ ಸ್ಮಿತ್. ಅಲ್ದಿದ್ರೆ ನನ್ನ ಹಲ್ಲಿನ ಸೆಟ್ಟು ತೆಗೆದು ಮೇಜಿನ ಮೇಲಿಡ್ತೀನಿ" ಎಂದ ಕ್ಲೈಡ್.

"ಬೇಡಪ್ಪ, ಊಟ ಆಗ್ಬೇಕು" ಎಂದ ಡೀಕನ್. "ಯಾರೋ ಚರ್ಚಲ್ಲಿ ಕಲ್ತವರು. ಅಷ್ಟು ಬಿಟ್ಟು ನಾನೇನೂ ಹೇಳಲ್ಲ."

ತರ್ಮನ್ ಕಣ್ಣು ಮುಚ್ಚಿ ತಲೆ ಆಡಿಸಿದ. "ಸ್ಮಿತ್ ಅಲ್ಲ. ಹೆಸರು ಗೊತ್ತಾಗ್ತಿಲ್ಲ. ಆದ್ರೆ ಒಂದು ಮಾತು ಬರ್ಕೊಳಿ. ಆರಡಿ ಆಳು, ಉಕ್ಕಿನ ಕಾರ್ಖಾನೇಲಿ ದುಡ್ದವನು. ಆ ಎಡಗೈ ಗಂಡಸಿಂದು."

ಮೊದಲನೇ ಮಗ್ಗುಲು ಮುಗಿಯಿತು. ಲವೇಡಾ ಲಕೋಟೆ ಎತ್ತಿ ತೋರಿಸಿದಳು. "ಓಪಲ್ ಡಿಕರ್ಸನ್. ಈಗಿನ ನನ್ನ ಭುಜಕ್ಕೂ ಬರ್ತಿರ್ಲಿಲ್ಲ. ನಮ್ಮಮ್ಮ ಒರೆಸಿದ ನೆಲದ ಮೇಲೆ ಚಪ್ಪಲಿ ಬಿಚ್ಚಿ ನಡೀತಿದ್ಲು. ಎಲ್ಲರಿಗಿಂತ ದೊಡ್ಡ ತಪ್ಪು ಯಾರ್ದು?"

"ತರ್ಮನ್‌ದು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಅವನು ಅಭ್ಯಾಸಬಲದಿಂದ ಮೆಟ್ಟಿಲ ಬುಡಕ್ಕೆ ಹೋಗಿ "ವೇ" ಎಂದು ಬಾಯಿ ತೆರೆದ. ತಿರುಗಿ ನೋಡಿದ. ವೇಡಾ ಮೆತ್ತನೆಯ ಕುರ್ಚಿಯಲ್ಲಿ ಕಾಲು ಚಾಚಿ, ಟೋಪಿ ಸರಿಮಾಡಿಕೊಳ್ಳುತ್ತಿದ್ದಳು.

"ಎಲ್ಲಾ ಒಲೆ ಹತ್ರ ಇಟ್ಟಿದೀನಿ" ಎಂದಳು. "ಎಣ್ಣೆ ಕಾದ ಮೇಲೆ ಬಿಡು. ಒಂದು ಕಡೆ ಕೆಂಪಾಗೋ ತನಕ ಮುಟ್ಟಬೇಡ."

"ನನ್ನ ಎರಡನೇ ಮಗ್ಗುಲು?"

"ಕಿಂಡಿ ಇದೆ, ಕೇಳ್ಸುತ್ತೆ. ನಂಗೆ ಇಷ್ಟು ವರ್ಷ ಕೇಳ್ಸಿಲ್ವಾ?"

ತರ್ಮನ್ ಏಪ್ರನ್ ಕಟ್ಟಿಕೊಳ್ಳಲು ಮೆಟ್ಟಿಲು ಹತ್ತಿ ಹೋದ. ಡೀಕನ್ ರೆಕಾರ್ಡು ಮಗುಚಿದ. ಎರಡು ಹಾಡು ಕುಣಿದು ಹೋದವು. ಮೇಲೆ ಡಬ್ಬಿ ಬಿದ್ದ ಸದ್ದು, ಒಂದು ಬೈಗುಳ. ಕ್ಲೈಡ್ ತಾಳ ಹಾಕಿದ, ಲವೇಡಾ ಒಳ್ಳೆಯ ಕಾಲಲ್ಲಿ ತಾಳ ಹಾಕಿದಳು. ಕೊನೆಯ ಹಾಡಿಗೆ ಡ್ರಮ್ಮಿನವನು ಕೋಲು ಕೆಳಗಿಟ್ಟು ಸುಮ್ಮನಾದ. ಆರ್ಗನ್ ಒಂದೇ ಉಳಿಯಿತು. ನಿಧಾನ, ನಿಧಾನ. ಬೆಳಗಿನ ರಾಗ.

ಲವೇಡಾ ಬೆನ್ನು ನೆಟ್ಟಗೆ ಮಾಡಿಕೊಂಡಳು. ಯಾವ ತಿರುವಿನಲ್ಲಿ ತಾಯಿ ಬಂದು ಬಕೆಟ್ಟು ಕೇಳುತ್ತಿದ್ದಳೋ ಆ ತಿರುವು ಬಂತು. ಯಾರೂ ಏನೂ ಕೇಳಲಿಲ್ಲ. ರಾಗ ಆ ತಿರುವು ದಾಟಿ, ಅವಳು ಎಂದೂ ಕೇಳಿರದ ಕಡೆಗೆ ಹೊರಳಿತು. ಅಲ್ಲಿ ಅಳು ಇರಲಿಲ್ಲ. ಓಪಲ್ ಬಲಗೈಯಲ್ಲಿ ಸಣ್ಣದೊಂದು ಕೀಟಲೆ ಮಾಡಿ, ಎಡಗೈಯಲ್ಲಿ ಅದಕ್ಕೆ ಉತ್ತರ ಕೊಟ್ಟು, ತನ್ನಷ್ಟಕ್ಕೆ ತಾನೇ ಮೋಜು ಮಾಡುತ್ತಿದ್ದಳು. ನೆಲ ಒರೆಸಿದ ಕೋಣೆಯಲ್ಲಿ, ಗಿರಾಕಿಗಳು ಯಾರೂ ಬರುವ ಮುಂಚೆ. ಲವೇಡಾಳ ಮುಖ ಬಕೆಟ್ಟಿನ ಮೇಲೆ ಕೂತ ಹುಡುಗಿಯ ಮುಖವಾಯಿತು. ಡೀಕನ್ "ಆಹಾ" ಎಂದ. ಅವಳೂ "ಆಹಾ" ಎಂದಳು, ಅವನಿಗಿಂತ ಗಟ್ಟಿಯಾಗಿ.

ಆಗ ಕಿಂಡಿಯಿಂದ ತರ್ಮನ್‌ನ ದನಿ ಬಂತು, ಭಕ್ತಿಯಿಂದ ಒದ್ದೆಯಾಗಿ: "ವೇಡಾ, ಯಾರೇ ಅದು ಡ್ರಮ್ಮು? ಏನು ಬ್ರಷ್ಷು! ಇಷ್ಟು ನಯವಾಗಿ ಸವರೋನು ಯಾರು?"

ಕೆಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹಾಡಿನಲ್ಲಿ ಡ್ರಮ್ಮೇ ಇರಲಿಲ್ಲ. ಕ್ಲೈಡ್ ನಗು ತಡೆಯಲು ತನ್ನ ಟೋಪಿಯನ್ನೇ ಬಾಯಿಗೆ ತುರುಕಿಕೊಂಡ.

"ಅದು ನಿನ್ನ ಮೀನು ಕಣೋ!" ಎಂದು ಲವೇಡಾ ಕೂತಲ್ಲಿಂದಲೇ ಕೂಗಿದಳು. "ತಿರುಗಿಸಿ ಹಾಕು, ಸೀದು ಹೋಗುತ್ತೆ! ಬರ್ತಾ ಖಾರದ ಸಾಸು ತಾ!"