ಸುಣ್ಣ ಹೊಡೆದ ದಿನದ ಗುಬ್ಬಿಗಳು

ಹಲಸೂರಿನ ಓಣಿಗಳಲ್ಲಿ ಗುಬ್ಬಿಗಳು ಕಾಣೆಯಾಗುತ್ತಿದ್ದ ಕಾಲ. ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ನಾವು ನಾಲ್ಕೈದು ಜನ ಭಾನುವಾರ ಸೇರಿ, ಶಿವಾಜಿನಗರದ ಗುಜರಿಯಿಂದ ಹಳೆಯ ಟೀ ಪೆಟ್ಟಿಗೆಗಳನ್ನು ತಂದು, ಹಲಗೆ ಕೊಯ್ದು ಗೂಡು ಮಾಡಿ ಮನೆಮನೆಗೆ ಹಂಚುತ್ತಿದ್ದೆವು. ಮೊಳೆ ಹೊಡೆಯುವುದಕ್ಕಿಂತ ಉಪದೇಶ ಮಾಡುವುದರಲ್ಲಿ ನಾನು ಮುಂದು. ಗೂಡು ಎಷ್ಟು ಎತ್ತರ ಇರಬೇಕು, ಬಿಸಿಲು ಯಾವ ಕಡೆ ಬೀಳಬೇಕು, ಎಲ್ಲ ನನಗೊಬ್ಬಳಿಗೇ ಗೊತ್ತಿದ್ದ ಹಾಗೆ.

ಮೊದಲ ಗೂಡನ್ನು ನಮ್ಮ ಮನೆಯೊಡತಿಯ ಜಗಲಿಗೋಡೆಗೆ ಹಾಕಿದ್ದೆ. ತಮಿಳಿನವರು, ಮಂಡಿನೋವಿನ ಮುದುಕಿ. ಬೀದಿಗೆಲ್ಲ ಪಾಟಿ, ಅಂದರೆ ಅಜ್ಜಿ. ಎರಡು ವರ್ಷ ಗೂಡು ಖಾಲಿ. ಪಾಟಿ ಮಾತ್ರ ದಿನಾ ಅಕ್ಕಿನುಚ್ಚು ಚೆಲ್ಲಿ, "ಬಾಡಿಗೆ ಬೇಡ, ಬರಕ್ಕೇಳಮ್ಮ ನಿನ್ನ ಗುಬ್ಬಿಗಳಿಗೆ" ಎಂದು ನನ್ನನ್ನು ಕಿಚಾಯಿಸುತ್ತಿದ್ದರು. ಮೂರನೆಯ ವರ್ಷ ಒಂದು ಜೋಡಿ ಬಂತು. ಮರಿಗಳ ಚಿಂವ್ ಚಿಂವ್ ಕೇಳಿದ ದಿನ ಪಾಟಿ ಟಿವಿ ಆರಿಸಿ ಜಗಲಿಯಲ್ಲೇ ಕೂತುಬಿಟ್ಟರು.

ಅದೇ ವಾರ ತಮಿಳು ಹೊಸವರ್ಷಕ್ಕೆ ಸುಣ್ಣ ಹೊಡೆಯುವವನು ಬಂದ.

"ಗೂಡಿರೋ ಜಾಗ ಬಿಟ್ಟು ಹೊಡೀಲಿ ಬಿಡಮ್ಮ. ಹಬ್ಬಕ್ಕೆ ಒಂದು ಮೂಲೆ ಕೊಳೆಯಾಗಿದ್ರೆ ಸಾಮಿ ಏನೂ ಬೇಜಾರು ಮಾಡ್ಕೊಳಲ್ಲ," ಎಂದರು ಪಾಟಿ.

ನಾನು ಕೇಳಲಿಲ್ಲ. ಸುಣ್ಣ ಸಿಡಿದು ಮರಿಗಳ ಕಣ್ಣಿಗೆ ಬಿದ್ದರೆ? "ನಿಮಗೆ ಗೊತ್ತಾಗಲ್ಲ ಪಾಟಿ" ಎಂದು, ಸ್ಟೂಲು ಹತ್ತಿ ಗೂಡು ಇಳಿಸಿ, ಹಿತ್ತಿಲ ಗೋಡೆಯ ಎತ್ತರದ ಮೊಳೆಗೆ ನೇತುಹಾಕಿ, ಆಫೀಸಿಗೆ ಹೋದೆ. ನಾಲ್ಕು ಮಾರು ದೂರ ಅಷ್ಟೆ, ಹುಡುಕಿಕೊಂಡು ಬರುತ್ತವೆ ಎಂದುಕೊಂಡೆ.

ಸಂಜೆ ಬಂದಾಗ ಪಾಟಿ ಜಗಲಿಯ ಮೆಟ್ಟಿಲ ಮೇಲೆ ಅಳುತ್ತಿದ್ದರು. "ಬೆಳಗ್ಗೆಯಿಂದ ಇಲ್ಲೇ ಬರ್ತಾ ಇದಾವಮ್ಮ. ನನಗೆ ಗೊತ್ತಾಗೋ ಹೊತ್ತಿಗೆ ಸುಣ್ಣದವನು ಹೊರಟೋಗಿದ್ದ. ನನಗೆ ಸ್ಟೂಲು ಹತ್ತಕ್ಕಾಗಲಿಲ್ಲ."

ಬೆಳ್ಳಗಾದ ಗೋಡೆಯ ಮುಂದೆ, ಗೂಡು ಇದ್ದ ಜಾಗದಲ್ಲೇ, ಹೆಣ್ಣುಗುಬ್ಬಿ ರೆಕ್ಕೆ ಬಡಿಯುತ್ತಿತ್ತು. ಕೊಕ್ಕಿನಲ್ಲಿ ಹಸಿರು ಹುಳು. ಓಡಿಹೋಗಿ ಗೂಡು ತಂದು ಮೊದಲಿನ ಮೊಳೆಗೇ ಹಾಕಿದೆ. ಒಳಗಿನಿಂದ ಸದ್ದಿರಲಿಲ್ಲ. ಇಣುಕಿ ನೋಡುವ ಧೈರ್ಯ ನನಗಾಗಲಿಲ್ಲ.

ನಾವಿಬ್ಬರೂ ಹಿಂದೆ ಸರಿದು ನಿಂತೆವು. ಗುಬ್ಬಿ ತಕ್ಷಣ ಬಂದು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂತು. ಹುಳು ಇನ್ನೂ ಕೊಕ್ಕಿನಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ಮತ್ತೆ ಒಳಗೆ ಹೋಯಿತು.