ಟೈಗರ್ ಹಿಲ್‌ನ ಮಂಜು

ಜಪಾನಿನ ಹಮಾಮತ್ಸುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಕೊರೋನಾ ಕಾಲದಲ್ಲಿ ಬಾಲ್ಕನಿಯಿಂದ ಬಾಲ್ಕನಿಗೇ ನಮ್ಮ ಮಾತು. ಅವರು ಏನೇ ಕೇಳಲಿ, ಮೊದಲು 'ಸುಮಿಮಾಸೆನ್' ಎಂದು ಕ್ಷಮೆ ಕೋರಿ ಮಾಸ್ಕ್ ಸರಿಮಾಡಿಕೊಳ್ಳುತ್ತಿದ್ದರು.

"ಸುಮಿಮಾಸೆನ್, ಡಾರ್ಜಿಲಿಂಗ್ ನೋಡಿದ್ದೀರಾ?" ಎಂದರು ಒಂದು ದಿನ. ಹರೆಯದಲ್ಲಿ ಅವರೊಮ್ಮೆ ಹೋಗಿದ್ದರಂತೆ. ಅಲ್ಲಿನ ಟೈಗರ್ ಹಿಲ್ ಮೇಲೆ ಮೂರು ಬೆಳಗೂ ಮಂಜು ಕವಿದು ಕಾಂಚನಜುಂಗಾ ಶಿಖರ ಕಾಣಲೇ ಇಲ್ಲವಂತೆ. ನಿವೃತ್ತಿಯಾದ ಮೇಲೆ ಮತ್ತೆ ಹೊರಡಬೇಕೆನ್ನುವಷ್ಟರಲ್ಲಿ ಕೊರೋನಾ ಬಂದು ವಿಮಾನಗಳೇ ನಿಂತವಂತೆ.

ಭಾರತದವನಾಗಿ ಇಲ್ಲ ಎನ್ನಲು ನಾಚಿಕೆಯಾಯಿತು. ನೋಡಿದ್ದೇನೆ ಎಂದೆ. ಸೂರ್ಯ ಹುಟ್ಟುವಾಗ ಹಿಮ ಮೊದಲು ಕೆಂಪಾಗಿ, ಆಮೇಲೆ ಬಂಗಾರವಾಗುವುದನ್ನು ಕೈಯಾಡಿಸಿ ಬಣ್ಣಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಒಳಗೆ ಬಂದರೆ ಹೆಂಡತಿ, "ಚಾಮುಂಡಿ ಬೆಟ್ಟ ಬಿಟ್ರೆ ನೀವ್ ಯಾವ ಬೆಟ್ಟ ನೋಡಿದ್ದೀರ್ರೀ?" ಎಂದಳು.

ಮರುದಿನ ನಮ್ಮ ಬಾಗಿಲ ಹಿಡಿಕೆಯಲ್ಲಿ ಒಂದು ಚೀಲ ತೂಗುತ್ತಿತ್ತು. ಒಳಗೆ ಕಿತ್ತಳೆ ಹಣ್ಣು, ಜೊತೆಗೆ ಅವರ ಹಳೆಯ ಫೋಟೋ. ಬರೀ ಬಿಳಿ ಮಂಜಿನೆದುರು ನಿಂತ ಹುಡುಗಿ. ಆ ಬಿಳುಪಿನ ಮೇಲೆ, ನಾನು ಹೇಳಿದ ಶಿಖರವನ್ನು ಹೇಳಿದ ಬಣ್ಣದಲ್ಲೇ ಬಿಡಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ, "ಸುಮಿಮಾಸೆನ್, ಸರಿಯಾಗಿದೆಯಾ?"

ಅದೇ ಚೀಟಿಯಲ್ಲಿ 'ಸರಿಯಾಗಿದೆ' ಎಂದು ಬರೆದು, ಫೋಟೋ ಜೊತೆ ಚೀಲದಲ್ಲಿಟ್ಟು ಅವರ ಬಾಗಿಲಿಗೆ ತೂಗುಹಾಕಿ ಬಂದೆ. ಬೆಲ್ ಒತ್ತಲಿಲ್ಲ.