ಶಾರದಕ್ಕನ ಪ್ರೆಸ್ಸಿನ ತುಂಬಿಹೋದ ಸಿ ಡ್ರೈವ್

೨೦೦೮ರ ಏಪ್ರಿಲ್. ಆಗ ನಾನು ಶಿರಸಿಯ ಒಂದು ಕಂಪ್ಯೂಟರ್ ಮಳಿಗೆಯಲ್ಲಿ ಸರ್ವಿಸ್ ಎಂಜಿನಿಯರ್. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತುವುದು, ಸತ್ತ ಮಾನಿಟರಿಗೂ ಮುನಿಸಿಕೊಂಡ ಪ್ರಿಂಟರಿಗೂ ಮದ್ದು ಮಾಡುವುದು. ನನ್ನೂರು ಬನವಾಸಿ ಕಡೆ, ಮಾತು ಬಯಲುಸೀಮೆಯದು. ನನ್ನ ಮಾತು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಚಹಾ ಕೊಡುತ್ತಿದ್ದರು.

ಆಗ ನಮ್ಮ ವೃತ್ತಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಯಾವ ರೋಗಕ್ಕೂ ಒಂದೇ ಮದ್ದು: ಫಾರ್ಮ್ಯಾಟ್. ಅಂದರೆ ಹಾರ್ಡ್ ಡಿಸ್ಕನ್ನು ಪೂರ್ತಿ ಒರೆಸಿ ಎಲ್ಲವನ್ನೂ ಹೊಸದಾಗಿ ತುಂಬುವುದು. ತಲೆ ಓಡಿಸುವ ಗೊಡವೆಯೇ ಇಲ್ಲ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಒಂದು ಬೆಳಿಗ್ಗೆ ಸಿದ್ದಾಪುರದಿಂದ ಶಾರದಕ್ಕ ಫೋನು ಮಾಡಿದಳು. ಪೇಟೆಯಲ್ಲಿ ಅವಳದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಉಪನಯನದ ಕಾಗದಗಳನ್ನು ತಾನೇ ಡಿಟಿಪಿ ಮಾಡಿ ಮುದ್ರಿಸುತ್ತಿದ್ದಳು. "ಸಿ ಡ್ರೈವ್ ತುಂಬಿದ್ದು ಹೇಳ್ತು, ಒಂದಕ್ಷರ ಸೇವ್ ಆಗ್ತಿಲ್ಲೆ. ಇಲ್ಲೊಬ್ಬ ನಾಳೆ ಬಂದು ಫಾರ್ಮ್ಯಾಟ್ ಹೊಡಿತ್ನಡ. ಎನ್ನ ಹಳೇ ಕಾಗದ ಎಲ್ಲ ಅದರೊಳಗೇ ಇದ್ದು ಮಾರಾಯ!" ಎಂದಳು.

ಹಳೇ ಕಾಗದಕ್ಕೆ ಇಷ್ಟು ಸಂಕಟವೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆ ಕಡೆ ಒಂದು ಮನೆಯ ಲಗ್ನಪತ್ರಿಕೆಯನ್ನು ಅದೇ ಮನೆಯ ಹಿಂದಿನ ಪತ್ರಿಕೆ ನೋಡಿಯೇ ಮಾಡುತ್ತಿದ್ದರು. ಯಾವ ಮಠದ ಆಶೀರ್ವಾದ ಮೊದಲು, ಯಾವ ಹಿರಿಯರ ಹೆಸರು ಮೇಲೆ, ಆಸ್ತಿ ಹಿಸೆಯಾಗಿ ಬೇರೆ ಹೋದ ದಾಯಾದಿಗಳು ಎಷ್ಟನೇ ಸಾಲಿನಲ್ಲಿ, ಎಲ್ಲಕ್ಕೂ ಹಿಂದಿನದೇ ಆಧಾರ. ಹೆಸರು ಒಂದು ಸಾಲು ಕೆಳಗಿಳಿದರೆ ಚಿಕ್ಕಪ್ಪ ಮದುವೆಗೆ ಬರುವುದಿಲ್ಲ. ಶಾರದಕ್ಕನ ಹತ್ತಿರ ಇಂಥ ಮನೆಗಳ ಪತ್ರಿಕೆಗಳೆಲ್ಲ ಇದ್ದವು. ಹೆಗಡೆಕಟ್ಟಾದಿಂದಲೂ ಜನ ಶಿರಸಿಯನ್ನು ದಾಟಿ ಅವಳಲ್ಲಿಗೆ ಬರುತ್ತಿದ್ದುದು ಅದಕ್ಕೇ. ಅವು ಹೋದರೆ ಅವಳ ಪ್ರೆಸ್ಸು ಹತ್ತರಲ್ಲಿ ಹನ್ನೊಂದನೆಯದು.

ಆ ದಿನವೇ ನಾನು ಹೋದಾಗ ಶಾರದಕ್ಕನ ಪಕ್ಕದಲ್ಲಿ ಮಾಸ್ತರು ಕೂತಿದ್ದರು. ನಿವೃತ್ತ ಕನ್ನಡ ಮಾಸ್ತರು. ಹತ್ತಿರದ ಬಿಳಗಿಯಿಂದ ಬಸ್ಸಿನಲ್ಲಿ ಬಂದು ಕರಡು ತಿದ್ದಿಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ಟಿನ ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕೂತು ಅರ್ಥ ಹೇಳುವ ಯಕ್ಷಗಾನದ, ವಿಡಿಯೋ ನೋಡುವುದು ಅವರ ಏಕೈಕ ಸಂಬಳ.

ಪತ್ರಿಕೆಗಳನ್ನು ಸಿಡಿಗೆ ಇಳಿಸೋಣವೆಂದರೆ, ಬರೆಯುವ ಮುನ್ನ ಅವುಗಳ ನಕಲು ಇಟ್ಟುಕೊಳ್ಳಲು ಸಿ ಡ್ರೈವ್‌ನಲ್ಲಿ ಖಾಲಿ ಜಾಗ ಬೇಕು. ನನ್ನ ಪೆನ್ ಡ್ರೈವ್‌ನಲ್ಲಿ ಅಷ್ಟು ಹಿಡಿಸುತ್ತಿರಲಿಲ್ಲ, ಆ ಕಂಪ್ಯೂಟರಿಗೆ ಬೇರೆ ಡ್ರೈವೂ ಇರಲಿಲ್ಲ. ಹುಡುಕುತ್ತ ಹೋದೆ. ಪತ್ರಿಕೆಗಳು ಡಿಸ್ಕಿನ ಕಾಲು ಭಾಗವೂ ಇರಲಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಟೆಂಪ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿತ್ತು: ಒಂದೇ ಬಗೆಯ ಹೆಸರಿನ ದೊಡ್ಡ ದೊಡ್ಡ ಫೈಲುಗಳು, ಎಲ್ಲವೂ ಸಂಜೆಯ ಹೊತ್ತಿನವು. ಡಿಟಿಪಿ ತಂತ್ರಾಂಶವೂ ಅರ್ಧ ಮುಗಿದ ಕೆಲಸವನ್ನು ಅಲ್ಲೇ ಇಡುತ್ತದೆ. ಹಾಗಾಗಿ ಕಣ್ಣುಮುಚ್ಚಿ ಅಳಿಸುವಂತಿರಲಿಲ್ಲ.

ಬ್ರೌಸರಿನಲ್ಲಿ ವಿಡಿಯೋ ತೋರಿಸುವುದು ಪ್ಲಗ್‌ಇನ್ ಎಂಬ ಉಪತಂತ್ರಾಂಶ. ನನಗೆ ಅದರ ಮೇಲೇ ಗುಮಾನಿ. ರೀಸೈಕಲ್ ಬಿನ್ ಬರಿದು ಮಾಡಿ ತುಸು ಜಾಗ ಮಾಡಿಕೊಂಡೆ. "ಮಾಸ್ತರ, ನಿಮ್ಮದೊಂದು ತಾಳಮದ್ದಲಿ ಹಚ್ಚರಿ" ಎಂದೆ. ಅವರು ಹಚ್ಚಿದರು. ಟೆಂಪ್ ಫೋಲ್ಡರಿನಲ್ಲಿ ಹೊಸ ಫೈಲೊಂದು ಹುಟ್ಟಿ ಉಬ್ಬತೊಡಗಿತು. ಬ್ರೌಸರ್ ಮುಚ್ಚಿಸಿದೆ, ಫೈಲು ತಾನಾಗಿ ಮಾಯವಾಯಿತು. ಹಾಗಾದರೆ ಹಳೆಯವು ಏಕೆ ಉಳಿದಿವೆ? ಮತ್ತೆ ಹಚ್ಚಿಸಿದೆ, ಮುಚ್ಚಿಸಿದೆ, ಮತ್ತೆ ಮಾಯ. ನನಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಕಳೆಯಿತು. ಮೂರನೆಯ ಸಲ ವಿಡಿಯೋ ಓಡುತ್ತಿದ್ದಾಗ ದೂರದಲ್ಲೊಂದು ಗುಡುಗು. ಮಾಸ್ತರು ಆ ವಯಸ್ಸಿನಲ್ಲೂ ಚಂಗನೆ ಎದ್ದು ಕರೆಂಟಿನ ಪ್ಲಗ್ಗನ್ನೂ ಫೋನಿನ ವೈರನ್ನೂ ಒಟ್ಟಿಗೆ ಕಿತ್ತರು. ನನ್ನೆದುರಿನ ಪರದೆ ಕಪ್ಪಾಯಿತು.

"ಎಂಥಾ ಕೆಲಸಾ ಮಾಡಿದ್ರಿ!" ಎಂದು ಕೂಗಿಯೇಬಿಟ್ಟೆ.

"ಗುಡುಗು ಕೇಳಿದ್ದಿಲ್ಯ? ಹೋದ ವರ್ಷ ಮೋಡೆಮ್ ಸುಟ್ಟು ಹೋಯ್ದು" ಎಂದರು ಮಾಸ್ತರು, ನಾನೇ ದಡ್ಡನೆಂಬಂತೆ.

ಮಲೆನಾಡಿನಲ್ಲಿ ಅದು ಮನೆಮನೆಯ ರೂಢಿ. ಮದುವೆಯ ಕಾಲವೂ ಸಿಡಿಲಿನ ಕಾಲವೂ ಒಂದೇ, ಗುಡುಗುವುದೂ ಹೆಚ್ಚಾಗಿ ಸಂಜೆಗೇ. ನನಗೆ ಫಕ್ಕನೆ ಹೊಳೆಯಿತು. ಗುಡುಗು ನಿಂತ ಮೇಲೆ ಮತ್ತೆ ಚಾಲೂ ಮಾಡಿ ನೋಡಿದರೆ ಆ ಹೊಸ ಫೈಲು ಅಲ್ಲೇ ಕೂತಿತ್ತು. ಬ್ರೌಸರನ್ನು ಮುಚ್ಚಿದರೆ ಮಾತ್ರ ಪ್ಲಗ್‌ಇನ್ ತನ್ನ ಕಸ ಗುಡಿಸುತ್ತದೆ. ಕರೆಂಟೇ ಹೋದರೆ ಗುಡಿಸುವವರು ಯಾರು?

ವಿಷಯ ಹೇಳಿದೆ. ಮಾಸ್ತರ ಮುಖ ಸಣ್ಣದಾಯಿತು. "ಹಂಗಾರೆ ಇದೆಲ್ಲ ಎನ್ನಿಂದ ಆಗಿದ್ದಾ? ನಾಳೆಯಿಂದ ಆನು ನೋಡದಿಲ್ಲೆ ಶಾರದಾ" ಎಂದರು. ನನಗೂ ಪಾಪ ಅನ್ನಿಸಿತು. ಪ್ಲಗ್‌ಇನ್ ತೆಗೆದುಹಾಕುವುದು ನನಗೆ ಎರಡು ನಿಮಿಷದ ಕೆಲಸ. ಕೈ ಅತ್ತ ಹೋಗುವಷ್ಟರಲ್ಲಿ ಶಾರದಕ್ಕ ತಡೆದಳು. "ಮಾಸ್ತರ ತಾಳಮದ್ದಲೆ ನಿಲ್ಲಸಡ. ಕಸ ಮಾತ್ರ ನಿಲ್ಲಸು."

ಹಾಗಾಗಿ ಕೆಲಸ ಸ್ವಲ್ಪ ಉದ್ದವಾಯಿತು. ಡಿಟಿಪಿಯ ಫೈಲುಗಳನ್ನು ಬೇರ್ಪಡಿಸಿ ವಿಡಿಯೋ ಕಸವನ್ನು ಅಳಿಸಿದೆ. ಪ್ಲಗ್‌ಇನ್ ತನ್ನದೇ ಮೂಲೆಯಲ್ಲಿ ಇನ್ನೂ ಕೆಲವು ಸಣ್ಣ ಫೈಲು ಕೂಡಿಡುತ್ತಿತ್ತು. ಬ್ರೌಸರಿನ ಕುಕಿ ಎಂಬ ನೆನಪಿನ ಚೂರುಗಳನ್ನು ಅಳಿಸಿದರೂ ಅವು ಹೋಗುವುದಿಲ್ಲ. ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ, ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಕೊಟ್ಟ ಜಾಗವನ್ನು ಸೊನ್ನೆಗೆ ಇಳಿಸಿ, ಮತ್ತೆ ಕೇಳಬೇಡ ಎಂಬಲ್ಲಿ ಗುರುತು ಹಾಕಿದೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಉಳಿದ ವಿಡಿಯೋ ಕಸ ತಾನೇ ಅಳಿಯುವಂತೆ ನಾಲ್ಕು ಸಾಲಿನ ಬ್ಯಾಚ್ ಫೈಲು ಬರೆದೆ. ಪತ್ರಿಕೆಗಳನ್ನೆಲ್ಲ ಸಿಡಿಗೆ ಇಳಿಸಿದೆ. "ಪ್ಲಗ್ ಕೀಳಬ್ಯಾಡ್ರಿ ಅನ್ನಂಗಿಲ್ಲ. ಮೊದಲು ಬ್ರೌಸರ್ ಮುಚ್ಚರಿ, ಆಮೇಲೆ ಶಟ್ ಡೌನ್, ಕಡೀಗೆ ಪ್ಲಗ್" ಎಂದು ಮಾಸ್ತರಿಗೆ ಮೂರು ಸಲ ಹೇಳಿಸಿದೆ. ಮಗ್ಗಿ ಒಪ್ಪಿಸುವ ಹುಡುಗನಂತೆ ಅವರು ಒಪ್ಪಿಸಿದರು. ಶಾರದಕ್ಕ ಅಲ್ಲಿಂದಲೇ ಫಾರ್ಮ್ಯಾಟಿನವನಿಗೆ ಫೋನು ಮಾಡಿ, ಬರುವುದು ಬೇಡ ಎಂದಳು.

ಯಂತ್ರ ಕೆಟ್ಟಿದೆ ಎಂದು ಕರೆ ಬಂದಾಗ ಮೊದಲು ಅದರ ಮುಂದೆ ಕೂರುವ ಜನರನ್ನು ನೋಡಬೇಕು, ಅವರು ಅದನ್ನು ಹೇಗೆ ಆರಿಸುತ್ತಾರೆ ಎಂಬುದನ್ನೂ ನೋಡಬೇಕು. ಈ ಪಾಠ ನನಗೆ ಯಾವ ಕೋರ್ಸಿನಲ್ಲೂ ಸಿಕ್ಕಿರಲಿಲ್ಲ.

ಎರಡು ವರ್ಷದ ಮೇಲೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಪತ್ರಿಕೆ ಮಾಡಿಸಲು ಶಾರದಕ್ಕನಲ್ಲಿಗೇ ಹೋದೆ. ನಮ್ಮದು ಮದುವೆಗೆ ಬಾಯಲ್ಲೇ ಕರೆಯುವ ಮನೆ. ಹಿಂದಿನ ಪತ್ರಿಕೆ ಎಂಬುದೇ ಇರಲಿಲ್ಲ. ಅವಳು ಅಜ್ಜನ ಹೆಸರಿನಿಂದ ಹಿಡಿದು ಒಬ್ಬೊಬ್ಬರ ಹೆಸರನ್ನೂ ನನ್ನಿಂದ ಕೇಳಿ, ಜಾಗ ನೋಡಿ ಕೂರಿಸಿದಳು. ಅಷ್ಟರಲ್ಲಿ ಗುಡುಗಿತು. ಮಾಸ್ತರು ಎದ್ದರು. ಸೇವ್ ಮಾಡಿಸಿ, ಬ್ರೌಸರ್ ಮುಚ್ಚಿ, ಪರದೆ ಆರುವ ತನಕ ತುಟಿ ಕಚ್ಚಿಕೊಂಡು ಕಾದು, ಆಮೇಲೆ ಪ್ಲಗ್ಗು ಕಿತ್ತರು.

"ಇನ್ನು ನಿಮ್ಮನೆದೂ ಇದರೊಳಗೆ ಇದ್ದು" ಎಂದಳು ಶಾರದಕ್ಕ. "ಯಾರಾದ್ರೂ ಫಾರ್ಮ್ಯಾಟ್ ಅಂದ್ರೆ ಮೊದಲು ನೀನೇ ಅಡ್ಡ ನಿಲ್ಲು."